ಲ್ಯಾಪ್‌ಟಾಪಿನ ಹಿಸ್ಸೆಗಳು: ಅವುಗಳನ್ನು ಕೂಡಿಸುವ ಮತ್ತು ಹೆಚ್ಚುಕಡಮೆ ಮಾಡುವ ಕ್ರಮ

ಹೊಲವನ್ನು ಪಾಲು ಮಾಡುವುದೂ ಪಾಲಾದ ಹೊಲಗಳನ್ನು ಮರಳಿ ಕೂಡಿಸುವುದೂ ತುರ್ವಿಹಾಳದ ಸೀಮೆಯಲ್ಲಿ ಯಾರಿಗೂ ಹೊಸ ಸಂಗತಿಯಲ್ಲ. ಅಣ್ಣತಮ್ಮಂದಿರು ಬೇರೆಯಾದಾಗ ಒಂದು ಸರ್ವೆ ನಂಬರು ಪೋಡಿಯಾಗಿ ಎರಡು ಮೂರು ಹಿಸ್ಸೆಗಳಾಗುತ್ತದೆ. ನಡುವೆ ಬದು ಬೀಳುತ್ತದೆ. ಪಹಣಿಯಲ್ಲಿ ಹೆಸರುಗಳು ಬೇರೆಯಾಗುತ್ತವೆ. ಮುಂದೆ ಒಬ್ಬನು ಮತ್ತೊಬ್ಬನ ಪಾಲನ್ನು ಕ್ರಯಕ್ಕೆ ಪಡೆದರೆ ಬದು ಒಡೆದು ಎರಡೂ ಒಂದೇ ಗದ್ದೆಯಾಗುತ್ತವೆ. ಇಂಥದೇ ವಿಭಾಗವೂ ಕೂಡಿಕೆಯೂ ಈಗ ನಮ್ಮ ಮನೆಗಳ ಮೇಜಿನ ಮೇಲಿರುವ ಲ್ಯಾಪ್‌ಟಾಪಿನೊಳಗೆ ನಡೆಯುತ್ತವೆ. ಅವುಗಳ ಕ್ರಮವನ್ನು ಹಳೆಯ ವಿದ್ಯಾರ್ಥಿನಿಯರಿಗೂ ಹೆತ್ತವರಿಗೂ ಪಾಠರೂಪವಾಗಿ ತಿಳಿಸುವದೇ ಈ ಲೇಖನದ ಉದ್ದೇಶವಾಗಿದೆ.

ಇದನ್ನು ಕಲಿಯುವದರಿಂದ ಪ್ರಯೋಜನವೇನೆಂದು ಕೆಲವರು ಕೇಳಬಹುದು. ಕಾಲೇಜಿಗೆ ಹೋಗುವ ಮಗಳ ಲ್ಯಾಪ್‌ಟಾಪಿನಲ್ಲಿ ‘ಸಿ’ ಎಂಬ ಭಾಗವು ತುಂಬಿ ಕೆಂಪು ಗುರುತು ತೋರಿಸುತ್ತದೆ, ಯಂತ್ರವು ನಿಧಾನವಾಗುತ್ತದೆ, ಹೊಸ ತಿದ್ದುಪಡಿಗಳು ಒಳಗೆ ಸೇರುವದಿಲ್ಲ. ಅದೇ ಸಮಯದಲ್ಲಿ ಪಕ್ಕದ ‘ಡಿ’ ಎಂಬ ಭಾಗದಲ್ಲಿ ಬಹಳ ಸ್ಥಳವು ಬೀಳುಬಿದ್ದಿರುತ್ತದೆ. ಹೀಗಾದಾಗ ಯಂತ್ರವನ್ನು ಪೇಟೆಯ ಅಂಗಡಿಗೆ ಒಯ್ಯುವದು ವಾಡಿಕೆ. ಅಲ್ಲಿ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಕೊಟ್ಟರೆ, ಪದವಿಯ ಪ್ರಬಂಧವೂ ಅಂಕಪಟ್ಟಿಯ ಪ್ರತಿಗಳೂ ಮದುವೆಯ ಚಿತ್ರಗಳೂ ತೀರಿಹೋದ ಹಿರಿಯರ ಧ್ವನಿಯೂ ಒಂದೇ ಗಳಿಗೆಯಲ್ಲಿ ಹೋಗಿಬಿಡುವವು. ಅಳಿಸದೆ ಇಟ್ಟರೂ, ಹೆಣ್ಣುಮಗಳೊಬ್ಬಳ ಖಾಸಗಿ ಪತ್ರಗಳೂ ಚಿತ್ರಗಳೂ ಅಪರಿಚಿತರ ಕಣ್ಣಿನ ಮುಂದೆ ದಿನವೆಲ್ಲಾ ತೆರೆದಿರುವವು. ಆದಕಾರಣ ಈ ಕೆಲಸವನ್ನು ಮನೆಯಲ್ಲಿಯೇ ತಿಳಿದು ಮಾಡಬಲ್ಲವಳು ತನ್ನ ಸೊತ್ತನ್ನೂ ಮರ್ಯಾದೆಯನ್ನೂ ತಾನೇ ಕಾಯ್ದುಕೊಂಡಂತಾಗುವದು.

೧. ಹಿಸ್ಸೆ ಎಂದರೇನು

ಲ್ಯಾಪ್‌ಟಾಪಿನಲ್ಲಿ ನಾವು ಬರೆದದ್ದೂ ಚಿತ್ರಿಸಿದ್ದೂ ಉಳಿಯುವ ಸ್ಥಳಕ್ಕೆ ಹಾರ್ಡ್ ಡಿಸ್ಕು ಎಂದು ಹೆಸರು. ಮೊದಲನೆಯ ಹಾರ್ಡ್ ಡಿಸ್ಕನ್ನು ಐಬಿಎಂ ಕಂಪನಿಯವರು ೧೯೫೬ರಲ್ಲಿ ಹೊರತಂದರು. ಅದರಲ್ಲಿ ೨೪ ಅಂಗುಲ ಅಗಲದ ೫೦ ತಟ್ಟೆಗಳಿದ್ದವು. ಆದರೂ ಅದು ಹಿಡಿಯುತ್ತಿದ್ದದ್ದು ಸುಮಾರು ೫೦ ಲಕ್ಷ ಅಕ್ಷರಗಳನ್ನು ಮಾತ್ರ. ಈಗಿನ ಲ್ಯಾಪ್‌ಟಾಪುಗಳಲ್ಲಿ ತಿರುಗುವ ತಟ್ಟೆಗಳಿಗೆ ಬದಲಾಗಿ ಎಸ್‌ಎಸ್‌ಡಿ ಎಂಬ ಚಿಪ್ಪುಗಳ ಫಲಕವೇ ಹೆಚ್ಚಾಗಿ ಇರುತ್ತದೆ. ರೂಪವು ಯಾವುದಾದರೂ ಆಗಲಿ, ಯಂತ್ರವು ಆ ಸ್ಥಳವನ್ನು ಸಣ್ಣ ಸಣ್ಣ ಮನೆಗಳಾಗಿ ಎಣಿಸಿ, ಒಂದೊಂದು ಮನೆಗೂ ಕ್ರಮಸಂಖ್ಯೆಯನ್ನು ಕೊಟ್ಟಿರುತ್ತದೆ. ಇವುಗಳಿಗೆ ಸೆಕ್ಟರುಗಳೆನ್ನುವರು. ಇಂಥ ಸಂಖ್ಯೆಯಿಂದ ಇಂಥ ಸಂಖ್ಯೆಯ ವರೆಗಿನದು ಒಂದು ಹಿಸ್ಸೆ, ಅದರಾಚೆಯದು ಇನ್ನೊಂದು ಹಿಸ್ಸೆ ಎಂದು ಬರೆದಿಟ್ಟದ್ದೇ ಪಾರ್ಟಿಶನ್.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಡಿಸ್ಕಿನೊಳಗೆ ಸಿ ಮತ್ತು ಡಿ ಎಂಬವುಗಳ ನಡುವೆ ಗೋಡೆಯಿಲ್ಲ, ಬದುವೂ ಇಲ್ಲ. ಇರುವದು ಬರಹ ಮಾತ್ರ. ೨೦೦೦ದ ಸುಮಾರಿನಲ್ಲಿ ಕರ್ನಾಟಕ ಸರಕಾರದ ‘ಭೂಮಿ’ ಯೋಜನೆಯಿಂದ ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಸೇರಿದಾಗ ಹೊಲದಲ್ಲಿ ಒಂದು ಹೆಂಟೆಯೂ ಕದಲಲಿಲ್ಲ; ಆದರೆ ಅದರಲ್ಲಿ ಸಂಖ್ಯೆ ತಪ್ಪಾಗಿ ಬಿದ್ದವನು ತನ್ನ ಹೊಲವು ತನ್ನದೆಂದು ತೋರಿಸಲಾರದೆ ತಹಶೀಲ ಕಚೇರಿಗೆ ಅಲೆಯಬೇಕಾಗುತ್ತದೆ. ಡಿಸ್ಕಿನ ಸ್ಥಿತಿಯೂ ಅಂಥದೇ. ಮೇರೆಯು ಬರಹವಾಗಿರುವದರಿಂದ ಅದನ್ನು ತಿದ್ದುವದು ಸುಲಭ. ಬರಹವಾಗಿರುವದರಿಂದಲೇ ಅದನ್ನು ಕೆಡಿಸುವದೂ ಸುಲಭ.

೨. ಸಿ, ಡಿ ಎಂಬ ಹೆಸರುಗಳು ಬಂದ ಬಗೆ

ಆರಂಭದ ವೈಯಕ್ತಿಕ ಕಂಪ್ಯೂಟರುಗಳಲ್ಲಿ ಹಾರ್ಡ್ ಡಿಸ್ಕು ಇರಲಿಲ್ಲ. ಫ್ಲಾಪಿ ಎಂಬ ತೆಳು ತಟ್ಟೆಗಳನ್ನು ಹಾಕುವ ಎರಡು ಬಾಯಿಗಳಿಗೆ ಎ, ಬಿ ಎಂಬ ಹೆಸರುಗಳಿದ್ದವು. ೧೯೮೩ರಲ್ಲಿ ಐಬಿಎಂ ಕಂಪನಿಯ ಎಕ್ಸ್‌ಟಿ ಎಂಬ ಯಂತ್ರವು ೧೦ ಎಂಬಿ ಹಾರ್ಡ್ ಡಿಸ್ಕಿನೊಡನೆ ಬಂದಾಗ ಮೂರನೆಯ ಅಕ್ಷರವಾದ ಸಿ ಅದಕ್ಕೆ ದೊರಕಿತು. ಡಿಸ್ಕನ್ನು ಹಿಸ್ಸೆ ಮಾಡುವ ಪದ್ಧತಿಯೂ ಆ ಯಂತ್ರದೊಡನೆಯೇ ಬಂತು. ಆಗಿನ ವ್ಯವಸ್ಥೆಯು ಒಂದು ಹಿಸ್ಸೆಯಲ್ಲಿ ಹೆಚ್ಚು ಸ್ಥಳವನ್ನು ಎಣಿಸಲಾರದಾಗಿತ್ತು. ಮೊದಲು ೩೨ ಎಂಬಿ, ಅನಂತರ ಬಹುಕಾಲ ೨ ಜಿಬಿ ಅದರ ಮಿತಿಯಾಗಿತ್ತು. ಡಿಸ್ಕುಗಳು ದೊಡ್ಡವಾದಂತೆ ಅವುಗಳನ್ನು ಸಿ, ಡಿ, ಇ ಎಂದು ತುಂಡುಮಾಡುವದು ಅನಿವಾರ್ಯವಾಯಿತು. ಆ ಮಿತಿಯು ಎಂದೋ ತೀರಿಹೋಗಿದೆ. ಆದರೆ ವಾಡಿಕೆಯು ಉಳಿದಿದೆ. ಇಂದಿಗೂ ನಮ್ಮ ಕಡೆಯ ಅಂಗಡಿಗಳಲ್ಲಿ ಹೊಸ ಯಂತ್ರವನ್ನು ಕೊಡುವಾಗ ಎರಡು ಮೂರು ಹಿಸ್ಸೆ ಮಾಡಿಯೇ ಕೊಡುವದುಂಟು.

ಈ ವಾಡಿಕೆಯಲ್ಲಿ ಒಂದು ಗುಣವುಂಟು. ವಿಂಡೋಸ್ ಕೆಟ್ಟು ಸಿ ಹಿಸ್ಸೆಯನ್ನು ಅಳಿಸಿ ಬರೆಯಬೇಕಾದರೂ ಡಿಯಲ್ಲಿರುವ ಕಡತಗಳು ಉಳಿಯುತ್ತವೆ. ಹೀಗೆಂದು ಡಿಯಲ್ಲಿಟ್ಟದ್ದು ಸುರಕ್ಷಿತವೆಂದು ತಿಳಿಯಬಾರದು. ಎರಡೂ ಒಂದೇ ಡಿಸ್ಕಿನ ಮೇಲಿವೆ. ಡಿಸ್ಕು ಸತ್ತರೆ ಎರಡೂ ಸಾಯುತ್ತವೆ. ಕಾಲುವೆಯು ಒಡೆದರೆ ಪಕ್ಕಪಕ್ಕದ ಎರಡು ಗದ್ದೆಗಳೂ ಮುಳುಗುವವಷ್ಟೆ.

೩. ಎರಡು ಪುಸ್ತಕಗಳು

ಹಿಸ್ಸೆಯ ಲೆಕ್ಕವು ಎರಡು ಪುಸ್ತಕಗಳಲ್ಲಿ ಇರುತ್ತದೆ. ಒಂದನೆಯದು ಇಡೀ ಡಿಸ್ಕಿನ ಪುಸ್ತಕ; ಯಾವ ಹಿಸ್ಸೆ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆಂಬದು ಇದರಲ್ಲಿದೆ. ಹಳೆಯ ಪದ್ಧತಿಯಾದ ಎಂಬಿಆರ್ ಎಂಬದರಲ್ಲಿ ಈ ಪುಸ್ತಕವು ಡಿಸ್ಕಿನ ಮೊದಲನೆಯ ಸೆಕ್ಟರಿನಲ್ಲಿರುತ್ತದೆ. ಒಂದೊಂದು ಹಿಸ್ಸೆಗೆ ೧೬ ಬೈಟಿನಂತೆ ನಾಲ್ಕು ಹಿಸ್ಸೆಗಳಿಗೆ ೬೪ ಬೈಟುಗಳು ಮಾತ್ರ ಅದಕ್ಕೆ ಸಾಕು. ತುರ್ವಿಹಾಳ ಎಂಬ ಹೆಸರನ್ನು ಈಗ ರೂಢಿಯಲ್ಲಿರುವ ಯುಟಿಎಫ್-೮ ಪದ್ಧತಿಯಿಂದ ಬರೆದರೆ ೨೭ ಬೈಟುಗಳಾಗುತ್ತವೆ. ಎರಡು ಸಲ ಬರೆದರೆ ೫೪. ಎಂದರೆ ಊರ ಹೆಸರನ್ನು ಮೂರು ಸಲ ಬರೆಯಲು ಸಾಲದಷ್ಟು ಚಿಕ್ಕ ಸ್ಥಳದ ಮೇಲೆ ಮನೆತನದ ಎಲ್ಲಾ ಚಿತ್ರಗಳ ಮೇರೆಯು ನಿಂತಿದೆ! ಹೊಸ ಪದ್ಧತಿಯಾದ ಜಿಪಿಟಿ ಎಂಬದರಲ್ಲಿ ವಾಡಿಕೆಯಾಗಿ ೧೨೮ ಹಿಸ್ಸೆಗಳಿಗೆ ಸ್ಥಳವಿರುತ್ತದೆ. ಅಲ್ಲದೆ ಪುಸ್ತಕದ ಇನ್ನೊಂದು ಪ್ರತಿಯನ್ನು ಡಿಸ್ಕಿನ ಕೊನೆಯಲ್ಲಿಯೂ ಇಟ್ಟಿರುತ್ತದೆ. ಹಳೆಯ ಪದ್ಧತಿಯು ಸಾಮಾನ್ಯ ಡಿಸ್ಕಿನಲ್ಲಿ ಸುಮಾರು ೨.೨ ಟಿಬಿಗಿಂತ ಹೆಚ್ಚು ಎಣಿಸಲಾರದು. ಹೊಸದಕ್ಕೆ ಆ ತೊಡಕು ಇಲ್ಲ.

ಎರಡನೆಯದು ಪ್ರತಿಯೊಂದು ಹಿಸ್ಸೆಯ ಒಳಗಿನ ಪುಸ್ತಕ. ಯಾವ ಕಡತವು ಯಾವ ಮನೆಗಳಲ್ಲಿದೆ, ಯಾವ ಮನೆಗಳು ಬರಿದಾಗಿವೆ ಎಂಬದು ಇದರಲ್ಲಿದೆ. ಇದಕ್ಕೆ ಫೈಲ್ ಸಿಸ್ಟಮ್ ಎನ್ನುವರು. ವಿಂಡೋಸಿನಲ್ಲಿ ರೂಢಿಯಾಗಿರುವದು ೧೯೯೩ರಲ್ಲಿ ಬಂದ ಎನ್‌ಟಿಎಫ್‌ಎಸ್ ಎಂಬದು.

ಹಿಸ್ಸೆಯನ್ನು ಹೆಚ್ಚುಕಡಮೆ ಮಾಡುವದೆಂದರೆ ಈ ಎರಡು ಪುಸ್ತಕಗಳನ್ನೂ ಒಂದಕ್ಕೊಂದು ಹೊಂದುವಂತೆ ತಿದ್ದುವದು. ಕಿರಿದು ಮಾಡುವಾಗ ಕೊನೆಯ ಭಾಗದಲ್ಲಿರುವ ಕಡತಗಳನ್ನು ಮೊದಲು ಒಳಕ್ಕೆ ಸರಿಸಿ, ಒಳಪುಸ್ತಕವನ್ನು ತಿದ್ದಿ, ಅನಂತರ ಹೊರಪುಸ್ತಕದ ಮೇರೆಯನ್ನು ಹಿಂದಕ್ಕೆ ತರಬೇಕು. ಫಸಲನ್ನು ತೆಗೆದಲ್ಲದೆ ಬದುವನ್ನು ಒಳಕ್ಕೆ ಹಾಕಲಾಗದು. ಹಿರಿದು ಮಾಡುವಾಗ ಕ್ರಮವು ತಿರುಗುಮುರುಗು; ಮೊದಲು ಹೊರಮೇರೆ, ಅನಂತರ ಒಳಲೆಕ್ಕ. ೧೯೯೦ರ ದಶಕದಲ್ಲಿ ಇದಕ್ಕಾಗಿ ಪಾರ್ಟಿಶನ್ ಮ್ಯಾಜಿಕ್ ಎಂಬ ತಂತ್ರಾಂಶವನ್ನು ಹಣಕೊಟ್ಟು ತರುತ್ತಿದ್ದರು. ೨೦೦೭ರಲ್ಲಿ ಜನರ ಕೈಸೇರಿದ ವಿಂಡೋಸ್ ವಿಸ್ತಾದಿಂದ ಮೊದಲ್ಗೊಂಡು ವಿಂಡೋಸಿನೊಳಗಿನ ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬ ಕಿಟಕಿಯಲ್ಲಿಯೇ ಈ ಎರಡು ಕೆಲಸಗಳೂ ಆಗುತ್ತವೆ.

೪. ತೂಬಿನ ದೃಷ್ಟಾಂತ

ಎಲ್ಲರೂ ಎಡವುವ ಸ್ಥಳವೊಂದುಂಟು. ಸಿ ತುಂಬಿದೆ, ಡಿಯಲ್ಲಿ ಸ್ಥಳವುಂಟು. ಡಿಯನ್ನು ಸ್ವಲ್ಪ ಕಿರಿದು ಮಾಡಿ ಸಿಯನ್ನು ಹಿರಿದು ಮಾಡೋಣವೆಂದು ಹೊರಡುತ್ತಾರೆ. ಡಿಯು ಕಿರಿದಾಗುತ್ತದೆ, ಆದರೆ ಸಿಯನ್ನು ಹಿರಿದು ಮಾಡುವ ಆಜ್ಞೆಯು ಮಸುಕಾಗಿಯೇ ಇರುತ್ತದೆ. ಕಾರಣವೇನು?

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಬ ಗದ್ದೆಯನ್ನು ನೆನೆಯಿರಿ. ಗದ್ದೆಯ ತಲೆಭಾಗದಲ್ಲಿ ತೂಬು ಇರುತ್ತದೆ; ಅಲ್ಲಿಂದಲೇ ನೀರಿನ ಲೆಕ್ಕವು ಆರಂಭ. ಗದ್ದೆಯನ್ನು ಕೊನೆಯ ಕಡೆಗೆ ಬೆಳೆಸಿದರೆ ಅದೇ ತೂಬು ನಡೆಯುತ್ತದೆ. ತಲೆಯ ಕಡೆಗೆ ಬೆಳೆಸಬೇಕಾದರೆ ತೂಬನ್ನೂ ಒಳಗಾಲುವೆಗಳನ್ನೂ ಕಿತ್ತು ಮೇಲಕ್ಕೆ ಒಯ್ಯಬೇಕು. ಹಿಸ್ಸೆಯ ಒಳಪುಸ್ತಕವೂ ಹೀಗೆಯೇ ಹಿಸ್ಸೆಯ ಆರಂಭದಿಂದ ಮನೆಗಳನ್ನು ಎಣಿಸುತ್ತದೆ. ಆದ್ದರಿಂದ ವಿಂಡೋಸಿನ ಸಾಧನವು ಹಿಸ್ಸೆಯ ಬಲಗಡೆಯ ಮೇರೆಯನ್ನು ಮಾತ್ರ ಸರಿಸುತ್ತದೆ, ಎಡಗಡೆಯದನ್ನು ಸರಿಸುವದಿಲ್ಲ. ಡಿಯನ್ನು ಕಿರಿದು ಮಾಡಿದಾಗ ಬರಿದಾದ ಸ್ಥಳವು ಡಿಯ ಬಲಕ್ಕೆ ಬೀಳುತ್ತದೆ. ಸಿಗೆ ಬೇಕಾದದ್ದು ಡಿಯ ಎಡದಲ್ಲಿ, ಅಂದರೆ ಸಿಯ ಮಗ್ಗುಲಿನಲ್ಲಿ. ನಡುವೆ ಡಿಯು ಕೂತಿರುವ ತನಕ ಆ ಸ್ಥಳವು ಸಿಗೆ ದೂರದ ಹೊಲವೇ ಸರಿ.

ಇದರಿಂದ ಎರಡು ಸೂತ್ರಗಳು ಹೊರಡುತ್ತವೆ. ಒಂದು, ಹಿರಿದಾಗಬೇಕಾದ ಹಿಸ್ಸೆಗೆ ಬಲಗಡೆಯಲ್ಲಿ ಅಂಟಿಕೊಂಡು ಬರಿದಾದ ಸ್ಥಳವಿರಬೇಕು. ಎರಡು, ಆ ಸ್ಥಳವು ಅದೇ ಡಿಸ್ಕಿನ ಮೇಲಿರಬೇಕು. ಕೆಲವು ಲ್ಯಾಪ್‌ಟಾಪುಗಳಲ್ಲಿ ಸಿಯು ಎಸ್‌ಎಸ್‌ಡಿಯ ಮೇಲೂ ಡಿಯು ಬೇರೆ ಹಾರ್ಡ್ ಡಿಸ್ಕಿನ ಮೇಲೂ ಇರುತ್ತವೆ. ಕಿಟಕಿಯಲ್ಲಿ ಡಿಸ್ಕ್ ೦, ಡಿಸ್ಕ್ ೧ ಎಂದು ಎರಡು ಸಾಲುಗಳು ಕಂಡರೆ, ಒಂದರ ಸ್ಥಳವನ್ನು ಇನ್ನೊಂದಕ್ಕೆ ಈ ಕ್ರಮದಿಂದ ಸೇರಿಸಲಾಗದು.

೫. ಮೊದಲು ಮಾಡತಕ್ಕದ್ದು

ಒಂದನೆಯದಾಗಿ, ಬೇಕಾದ ಕಡತಗಳನ್ನೆಲ್ಲಾ ಲ್ಯಾಪ್‌ಟಾಪಿನ ಹೊರಗೆ, ಪ್ರತ್ಯೇಕವಾದ ಡಿಸ್ಕಿಗೋ ದೊಡ್ಡ ಪೆನ್‌ಡ್ರೈವಿಗೋ ಪ್ರತಿಮಾಡಬೇಕು. ಪ್ರತಿಯಾಯಿತೆಂದು ನಂಬಿ ಬಿಡದೆ, ಅಲ್ಲಿಂದ ನಾಲ್ಕಾರು ಕಡತಗಳನ್ನು ತೆರೆದು ನೋಡಬೇಕು. ನುಡಿ ತಂತ್ರಾಂಶದ ಹಳೆಯ ಅಕ್ಷರರೂಪಗಳಲ್ಲಿ ಬೆರಳಚ್ಚಿಸಿದ ಕಾಗದಪತ್ರಗಳಿದ್ದರೆ ಆ ಅಕ್ಷರರೂಪಗಳನ್ನೂ ಜೊತೆಗೆ ಇಟ್ಟುಕೊಳ್ಳಬೇಕು. ಅವಿಲ್ಲದಿದ್ದರೆ ಬರಹವು ಉಳಿದರೂ ಓದಲು ಬಾರದು.

ಎರಡನೆಯದಾಗಿ, ಬಿಟ್‌ಲಾಕರ್ ಎಂಬ ಬೀಗವುಂಟೋ ಎಂದು ನೋಡಬೇಕು. ೨೦೨೪ರಿಂದೀಚಿನ ವಿಂಡೋಸ್ ೧೧ ಹೊಸದಾಗಿ ಹಾಕಿದ ಅನೇಕ ಯಂತ್ರಗಳಲ್ಲಿ ಡಿಸ್ಕು ತಾನಾಗಿಯೇ ಬೀಗಬಿದ್ದಿರುತ್ತದೆ. ಅದರ ೪೮ ಅಂಕಿಗಳ ಕೀಲಿಸಂಖ್ಯೆಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳದೆ ಕೆಲಸಕ್ಕೆ ಕೈಹಾಕಬಾರದು.

ಮೂರನೆಯದಾಗಿ, ವಿದ್ಯುತ್ತು. ನಡುವೆ ಕರೆಂಟು ಹೋಗುವದು ನಮ್ಮ ಕಡೆ ಅಪರೂಪವಲ್ಲ. ಬ್ಯಾಟರಿಯು ಪೂರಾ ತುಂಬಿರಬೇಕು, ಚಾರ್ಜರೂ ಸೇರಿರಬೇಕು. ಬೇಸಿಗೆಯ ನಡುಹಗಲನ್ನು ಬಿಟ್ಟು ಬೆಳಗಿನ ತಂಪಿನಲ್ಲಿ ಕೆಲಸಮಾಡುವದು ಯಂತ್ರಕ್ಕೂ ಮನಸ್ಸಿಗೂ ಒಳ್ಳೆಯದು.

ನಾಲ್ಕನೆಯದಾಗಿ, ಡಿಸ್ಕಿನಿಂದ ಟಿಕಟಿಕ ಸದ್ದು ಬರುತ್ತಿದ್ದರೆ, ಅಥವಾ ಕಡತಗಳನ್ನು ತೆರೆಯಲು ತಡೆಯುಂಟಾಗುತ್ತಿದ್ದರೆ, ಹಿಸ್ಸೆಯ ಮಾತೇ ಬೇಡ. ಉಳಿದದ್ದನ್ನು ಪ್ರತಿಮಾಡಿಕೊಂಡು ಡಿಸ್ಕನ್ನೇ ಬದಲಿಸತಕ್ಕದ್ದು.

೬. ಕೆಲಸದ ಕ್ರಮ

ಲೆಕ್ಕವನ್ನು ಮೊದಲು ಕಾಗದದ ಮೇಲೆ ಮಾಡೋಣ. ಅಂಗಡಿಯಲ್ಲಿ ೫೧೨ ಜಿಬಿ ಎಂದು ಕೊಟ್ಟ ಡಿಸ್ಕು ವಿಂಡೋಸಿನಲ್ಲಿ ೪೭೬ ಎಂದು ಕಾಣುತ್ತದೆ. ಇದು ಮೋಸವಲ್ಲ, ತಯಾರಕರು ಸಾವಿರದ ಲೆಕ್ಕದಿಂದ ಎಣಿಸುತ್ತಾರೆ, ವಿಂಡೋಸು ೧೦೨೪ರ ಲೆಕ್ಕದಿಂದ ಎಣಿಸುತ್ತದೆ. ಅದರಲ್ಲಿ ಸಣ್ಣ ಹಿಸ್ಸೆಗಳಿಗೆ ೧ ಜಿಬಿಯಷ್ಟು ಹೋಗಿ, ಸಿಗೆ ೧೦೦, ಡಿಗೆ ೩೭೫ ಇವೆಯೆನ್ನೋಣ. ಡಿಯಲ್ಲಿ ೧೨೦ ಜಿಬಿ ಕಡತಗಳಿವೆ. ಸಿಯನ್ನು ೨೦೦ ಮಾಡಬೇಕಾಗಿದೆ.

ಮೊದಲು ಡಿಯ ೧೨೦ ಜಿಬಿಯನ್ನು ಹೊರಗಿನ ಡಿಸ್ಕಿಗೆ ಪ್ರತಿಮಾಡಿ ಪರೀಕ್ಷಿಸಬೇಕು. ಡಿಯಲ್ಲಿ ಯಾವುದಾದರೂ ತಂತ್ರಾಂಶವನ್ನು ಸ್ಥಾಪಿಸಿದ್ದರೆ ಅದನ್ನು ಕ್ರಮಪ್ರಕಾರ ತೆಗೆದುಹಾಕಬೇಕು. ಆಮೇಲೆ ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಬೇಕು. ಅಲ್ಲಿ ಡಿಯ ಮೇಲೆ ಬಲಗುಂಡಿಯನ್ನು ಒತ್ತಿ ‘ಡಿಲೀಟ್ ವಾಲ್ಯೂಮ್’ ಎಂಬದನ್ನು ಆರಿಸಬೇಕು. ಒತ್ತುವ ಮೊದಲು ಅಕ್ಷರವನ್ನೂ ಅಳತೆಯನ್ನೂ ಗಟ್ಟಿಯಾಗಿ ಓದುವದು ಒಳ್ಳೆಯ ಅಭ್ಯಾಸ. ಡಿಯ ಸ್ಥಳವು ಈಗ ಕಪ್ಪು ಪಟ್ಟಿಯ ‘ಅನ್‌ಅಲೊಕೇಟೆಡ್’, ಅಂದರೆ ಯಾರಿಗೂ ಸೇರದ ಬೀಳು.

ಅನಂತರ ಸಿಯ ಮೇಲೆ ಬಲಗುಂಡಿಯನ್ನು ಒತ್ತಿ ‘ಎಕ್ಸ್‌ಟೆಂಡ್ ವಾಲ್ಯೂಮ್’ ಆರಿಸಬೇಕು. ಯಂತ್ರವು ಇಡೀ ೩೭೫ ಜಿಬಿಯನ್ನು, ಅಂದರೆ ೩,೮೪,೦೦೦ ಎಂಬಿಯನ್ನು ತಾನಾಗಿ ಸೂಚಿಸುವದು. ಅದನ್ನು ಅಳಿಸಿ ೧,೦೨,೪೦೦ ಎಂದು ಬರೆಯಬೇಕು. ೧೦೦ನ್ನು ೧೦೨೪ರಿಂದ ಗುಣಿಸಿದರೆ ಬರುವದು ಇದೇ. ಈಗ ಸಿಯು ೨೦೦ ಆಯಿತು. ಉಳಿದ ೨೭೫ರ ಮೇಲೆ ‘ನ್ಯೂ ಸಿಂಪಲ್ ವಾಲ್ಯೂಮ್’ ಮಾಡಿ ಡಿ ಎಂಬ ಅಕ್ಷರವನ್ನು ಕೊಟ್ಟು, ಕಡತಗಳನ್ನು ಮರಳಿ ತರತಕ್ಕದ್ದು.

ಎರಡನ್ನೂ ಪೂರ್ಣವಾಗಿ ಕೂಡಿಸುವ ಮನಸ್ಸಿದ್ದರೆ ಯಂತ್ರವು ಸೂಚಿಸಿದ ಸಂಖ್ಯೆಯನ್ನು ಹಾಗೆಯೇ ಬಿಡಬೇಕು. ಸಿಯು ೪೭೫ ಆಗಿ ಡಿಯು ಇಲ್ಲವಾಗುವದು. ಈ ಕಿಟಕಿಯಲ್ಲಿ ‘ಕೂಡಿಸು’ ಎಂಬ ಆಜ್ಞೆಯೇ ಇಲ್ಲವೆಂಬದನ್ನು ವಾಚಕರು ಗಮನಿಸಿರಬಹುದು. ಕೂಡಿಸುವದೆಂದರೆ ಒಂದನ್ನು ಬರಿದುಮಾಡಿ ಅಳಿಸಿ ಅದರ ಸ್ಥಳವನ್ನು ಇನ್ನೊಂದಕ್ಕೆ ಕೊಡುವದೇ. ಆದ್ದರಿಂದಲೇ ಪ್ರತಿಯ ವಿಷಯವನ್ನು ಇಷ್ಟು ಒತ್ತಿ ಹೇಳುತ್ತೇವೆ.

ಇದಕ್ಕೆ ವಿರುದ್ಧವಾಗಿ ದೊಡ್ಡ ಸಿಯನ್ನು ಒಡೆದು ಹೊಸ ಡಿಯನ್ನು ಮಾಡಬೇಕಾದರೆ ‘ಶ್ರಿಂಕ್ ವಾಲ್ಯೂಮ್’ ಎಂಬದನ್ನು ಆರಿಸಬೇಕು. ಇಲ್ಲಿ ಕೆಲವೊಮ್ಮೆ ೨೦೦ ಜಿಬಿ ಬರಿದಾಗಿದ್ದರೂ ೪೦ ಮಾತ್ರ ಬಿಡಿಸಬಹುದೆಂದು ಯಂತ್ರವು ಹೇಳುವದುಂಟು. ವಿಂಡೋಸು ತನ್ನ ಸ್ವಂತ ಕೆಲಸಕ್ಕೆ ಇಟ್ಟುಕೊಂಡ ಕೆಲವು ಕಡತಗಳು ನಡೆಯುತ್ತಿರುವ ಯಂತ್ರದಲ್ಲಿ ಕದಲುವದಿಲ್ಲ. ಗದ್ದೆಯ ನಡುವಿನ ಬಾವಿಯಂತೆ ಅವು ನಿಂತಲ್ಲಿಗೇ ಬದುವೂ ನಿಲ್ಲುತ್ತದೆ.

೭. ನಡುವೆ ನಿಂತ ಸಣ್ಣ ಹಿಸ್ಸೆ

ಕೆಲವು ಯಂತ್ರಗಳಲ್ಲಿ ಡಿಯನ್ನು ಅಳಿಸಿದ ಮೇಲೂ ಸಿಯು ಹಿರಿದಾಗುವದಿಲ್ಲ. ನೋಡಿದರೆ ಇವೆರಡರ ನಡುವೆ ‘ರಿಕವರಿ ಪಾರ್ಟಿಶನ್’ ಎಂಬ ಸಣ್ಣ ಹಿಸ್ಸೆಯೊಂದು ನಿಂತಿರುತ್ತದೆ. ವಿಂಡೋಸು ಕೆಟ್ಟಾಗ ಅದನ್ನು ಸರಿಪಡಿಸುವ ಸಾಧನಗಳು ಅದರಲ್ಲಿವೆ. ೨೦೨೪ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಕಂಪನಿಯವರು ಕಳುಹಿಸಿದ ಒಂದು ತಿದ್ದುಪಡಿಯು, ಈ ಸಣ್ಣ ಹಿಸ್ಸೆಯಲ್ಲಿ ಸ್ಥಳ ಸಾಲದೆ, ಲೋಕದಾದ್ಯಂತ ಅನೇಕ ಯಂತ್ರಗಳಲ್ಲಿ ಸೇರದೆ ಹೋಯಿತು. ಆ ಹಿಸ್ಸೆಯನ್ನು ೨೫೦ ಎಂಬಿಯಷ್ಟು ಹಿರಿದು ಮಾಡಿರೆಂದು ಅವರೇ ಹೇಳಬೇಕಾಯಿತು. ಸಣ್ಣದೆಂದು ಇದನ್ನಾಗಲಿ, ಡಿಸ್ಕಿನ ಆರಂಭದಲ್ಲಿರುವ ‘ಇಎಫ್‌ಐ’ ಎಂಬದನ್ನಾಗಲಿ ಅಳಿಸಕೂಡದು. ಎರಡನೆಯದು ಹೋದರೆ ಯಂತ್ರವು ಏಳುವದೇ ಇಲ್ಲ.

ಇಂಥಲ್ಲಿ ಜಿಪಾರ್ಟೆಡ್ ಎಂಬ ಉಚಿತ ತಂತ್ರಾಂಶವು ಉಪಯೋಗಕ್ಕೆ ಬರುತ್ತದೆ. ೨೦೦೪ರಲ್ಲಿ ಹೊರಬಂದ ಇದನ್ನು ಪೆನ್‌ಡ್ರೈವಿನಿಂದ ನಡೆಸಿದರೆ ಹಿಸ್ಸೆಗಳನ್ನು ಎಡಕ್ಕೂ ಬಲಕ್ಕೂ ಸರಿಸಬಹುದು. ತೂಬನ್ನೇ ಕಿತ್ತು ಒಯ್ಯುವ ಕೆಲಸವೆಂದರೆ ಇದೇ. ಆದರೆ ಹಿಸ್ಸೆಯೊಳಗಿನದೆಲ್ಲವೂ ಸ್ಥಳ ಬದಲಿಸುವದರಿಂದ ತಾಸುಗಟ್ಟಲೆ ಹಿಡಿಯುವದುಂಟು. ನಡುವೆ ನಿಂತರೆ ಹಿಸ್ಸೆಯೇ ಕೆಡುವದು. ಬಿಟ್‌ಲಾಕರ್ ಬೀಗವನ್ನು ಮೊದಲು ತೆಗೆದು, ವಿಂಡೋಸನ್ನು ಪೂರ್ತಿಯಾಗಿ ಮುಚ್ಚಿರಬೇಕು. ಇದನ್ನು ಮೊದಲ ಸಲ ಮಾಡುವವರು ಬಲ್ಲವರೊಬ್ಬರನ್ನು ಬಳಿಯಲ್ಲಿ ಕೂರಿಸಿಕೊಳ್ಳುವದು ಉತ್ತಮ.

೮. ಕೈತಪ್ಪಿ ಅಳಿಸಿದರೆ

ಬೇರೆ ಹಿಸ್ಸೆಯೇ ಅಳಿದುಹೋಯಿತೆಂದು ತಿಳಿಯೋಣ. ಎದೆಗೆಡಬಾರದು, ಅಳಿದದ್ದು ಹೊರಪುಸ್ತಕದ ಒಂದು ಸಾಲು ಮಾತ್ರ, ಒಳಗಿನ ಬೆಳೆಯು ಇನ್ನೂ ನಿಂತಿದೆ. ಕೂಡಲೆ ಕೈಯನ್ನು ನಿಲ್ಲಿಸಬೇಕು. ಹೊಸ ಹಿಸ್ಸೆಯನ್ನು ಮಾಡಬಾರದು, ಫಾರ್ಮ್ಯಾಟ್ ಮಾಡಬಾರದು, ಏನನ್ನೂ ಬರೆಯಬಾರದು. ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶವು ಡಿಸ್ಕನ್ನು ಹುಡುಕಿ, ಹಳೆಯ ಮೇರೆಗಳನ್ನು ಕಂಡು, ಆ ಸಾಲನ್ನು ಮರಳಿ ಬರೆಯಬಲ್ಲದು. ಆದರೆ ಫಾರ್ಮ್ಯಾಟ್ ಆದ ಮೇಲೆ ಆಸೆ ಕಡಮೆ. ವಿಸ್ತಾದಿಂದೀಚೆಗೆ ಪೂರ್ಣ ಫಾರ್ಮ್ಯಾಟ್ ಎಂಬದು ಎಲ್ಲಾ ಮನೆಗಳಲ್ಲಿಯೂ ಸೊನ್ನೆಯನ್ನೇ ತುಂಬುತ್ತದೆ. ಎಸ್‌ಎಸ್‌ಡಿಗಳಲ್ಲಿ ಬರಿದಾದ ಮನೆಗಳನ್ನು ಫಲಕವು ತಾನಾಗಿ ಒರಸಿಬಿಡುವದರಿಂದ ಆಸೆಯು ಇನ್ನೂ ಕಡಮೆ.

೯. ಕಡೆಯ ಮಾತು

ಪ್ರತಿಯೊಬ್ಬರೂ ಹಿಸ್ಸೆಗಳನ್ನು ಕೂಡಿಸಲೇಬೇಕೆಂದು ನಾವು ಹೇಳುವದಿಲ್ಲ. ಬೇಡದ ಕಡತಗಳನ್ನು ತೆಗೆದರೆ, ಚಿತ್ರಗಳನ್ನೂ ಪಾಠಗಳನ್ನೂ ಸಿಯಿಂದ ಡಿಗೆ ಸಾಗಿಸಿದರೆ, ಎಷ್ಟೋ ಸಲ ಅಷ್ಟೇ ಸಾಕಾಗುವದು. ಆದರೆ ೨೦೨೫ರ ಅಕ್ಟೋಬರ್ ೧೪ಕ್ಕೆ ವಿಂಡೋಸ್ ೧೦ಕ್ಕೆ ಕಂಪನಿಯ ಸಾಮಾನ್ಯ ಬೆಂಬಲವು ಮುಗಿದ ಮೇಲೆ ಅನೇಕ ಮನೆಗಳಲ್ಲಿ ವಿಂಡೋಸ್ ೧೧ಕ್ಕೆ ಸ್ಥಳಮಾಡುವ ಪ್ರಶ್ನೆಯು ಎದ್ದಿದೆ. ಹಿಸ್ಸೆಯ ಕೆಲಸವನ್ನು ಬಲ್ಲವಳೊಬ್ಬಳು ಮನೆಯಲ್ಲಿದ್ದರೆ ಆ ಮನೆಗೆ ದೊಡ್ಡ ಅನುಕೂಲ.

ನಮ್ಮ ಅಜ್ಜಿಯರ ಕಾಲದಲ್ಲಿ ಹೊಲದ ಕಾಗದವನ್ನು ಓದಲು ಬಾರದ ಹೆಣ್ಣುಮಕ್ಕಳು ಹೇಳಿದಲ್ಲಿ ಹೆಬ್ಬೆಟ್ಟನ್ನು ಒತ್ತಿ ತಮ್ಮ ಪಾಲನ್ನು ಕಳೆದುಕೊಂಡದ್ದುಂಟು. ಓದು ಬಂದ ಮೇಲೆ ಆ ಭಯವು ಕಡಮೆಯಾಯಿತು. ಈಗ ಸೊತ್ತಿನ ಒಂದಂಶವು ಡಿಸ್ಕಿನ ಮೇಲೆ ಬಂದು ಕೂತಿದೆ. ಅದರ ಪುಸ್ತಕವನ್ನು ಓದಬಲ್ಲವಳು ಏನಿದೆಯೆಂದು ತಿಳಿಯದೆ ಯಾವ ಗುಂಡಿಯನ್ನೂ ಒತ್ತುವದಿಲ್ಲ. ಹೆತ್ತವರು ಮಗನಿಗೆ ಕಲಿಸಿದಂತೆ ಮಗಳಿಗೂ ಇದನ್ನು ಕಲಿಯಲು ಬಿಡಬೇಕೆಂದೂ, ಹಳೆಯ ವಿದ್ಯಾರ್ಥಿನಿಯರು ತಮ್ಮ ನೆರೆಹೊರೆಯವರಿಗೆ ತಿಳಿಸಿಕೊಡಬೇಕೆಂದೂ ವಿನಂತಿಸುತ್ತೇವೆ.

ಮನೆಯಲ್ಲಿ ಕೂಡಿ ಉತ್ತರಿಸತಕ್ಕ ಪ್ರಶ್ನೆಗಳು

೧. ಡಿಯನ್ನು ಕಿರಿದು ಮಾಡಿದರೂ ಸಿಯು ಹಿರಿದಾಗದಿರಲು ಕಾರಣವೇನು?
೨. ಹಿಸ್ಸೆಯನ್ನು ಕಿರಿದು ಮಾಡುವಾಗ ಯಾವ ಪುಸ್ತಕವನ್ನು ಮೊದಲು ತಿದ್ದಬೇಕು? ಯಾಕೆ?
೩. ಸಿಗೆ ೬೦ ಜಿಬಿ ಸೇರಿಸಬೇಕಾದರೆ ಎಷ್ಟು ಎಂಬಿ ಎಂದು ಬರೆಯಬೇಕು?
೪. ಡಿಯಲ್ಲಿಟ್ಟ ಪ್ರತಿಯು ನಿಜವಾದ ರಕ್ಷಣೆಯಲ್ಲವೆಂಬದು ಯಾಕೆ?
೫. ನಿಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಎಷ್ಟು ಡಿಸ್ಕುಗಳು, ಎಷ್ಟು ಹಿಸ್ಸೆಗಳು ಇವೆ? ಏನನ್ನೂ ಬದಲಿಸದೆ ನೋಡಿ, ಕಾಗದದ ಮೇಲೆ ಅವುಗಳ ನಕ್ಷೆಯನ್ನು ಬರೆಯಿರಿ.